ಫೈಲ್‌ನಿಂದ ಪಾಸ್‌ವರ್ಡ್ ಅಳಿಸಿದರೆ ಗಿಟ್‌ನಿಂದಲೂ ಅಳಿಸಿಹೋಗುತ್ತದೆಯೇ?

“ಹೊಸ ಪ್ರಾಜೆಕ್ಟ್‌ನ ಕೋಡ್ ಗಿಟ್‌ಹಬ್‌ಗೆ ಹಾಕಿದಾಗ ಅದರಲ್ಲಿ ಪಾಸ್‌ವರ್ಡ್ ಇತ್ತು. ಕೂಡಲೇ ಅಳಿಸಿ ಮತ್ತೆ ಹಾಕಿದೆ, ಇನ್ನು ಭಯವಿಲ್ಲ.” ಕೋಡಿಂಗ್ ಕಲಿಯುವ ಹಲವರು ಹೀಗೆ ನಂಬಿದ್ದಾರೆ. ಇದು ನಿಜವೇ? ನೋಡೋಣ.

ಗಿಟ್ ಎಂದರೇನು?

ಒಂದೇ ಫೈಲನ್ನು ‘ಫೈನಲ್’, ‘ಫೈನಲ್ 2’, ‘ಇದೇ ಫೈನಲ್’ ಎಂದು ಉಳಿಸುತ್ತಾ ಹೋದರೆ ಕೊನೆಗೆ ಯಾವುದು ಸರಿ ಎಂದು ನಮಗೇ ತಿಳಿಯುವುದಿಲ್ಲ. ಯಾರು, ಯಾವಾಗ, ಏನು ಬದಲಿಸಿದರು ಎಂಬುದನ್ನು ದಾಖಲಿಸಿ ಈ ಗೊಂದಲ ತಪ್ಪಿಸುವುದೇ ವರ್ಷನ್ ಕಂಟ್ರೋಲ್. ಅಂಥ ತಂತ್ರಾಂಶಗಳಲ್ಲಿ ಒಂದು ಗಿಟ್. ಲಿನಕ್ಸ್ ಕರ್ನಲ್‌ನ ಕೆಲಸಕ್ಕಾಗಿ ಲಿನಸ್ ಟೋರ್ವಾಲ್ಡ್ಸ್ ಇದನ್ನು 2005ರಲ್ಲಿ ರೂಪಿಸಿದರು. ಗಿಟ್ ಮತ್ತು ಗಿಟ್‌ಹಬ್ ಒಂದೇ ಅಲ್ಲ. ಗಿಟ್ ನಮ್ಮ ಕಂಪ್ಯೂಟರ್‌ನಲ್ಲೇ ಇಂಟರ್ನೆಟ್ ಇಲ್ಲದೆಯೂ ಕೆಲಸ ಮಾಡುತ್ತದೆ. ಗಿಟ್‌ಹಬ್ ಆ ದಾಖಲೆಗಳನ್ನು ಇಟ್ಟು ಹಂಚಿಕೊಳ್ಳುವ ಜಾಲತಾಣ, 2008ರಲ್ಲಿ ಶುರುವಾಯಿತು.

ವಾಸ್ತವವೇನು?

ಪ್ರತಿ ‘ಕಮಿಟ್’ ಎಂದರೆ ಆ ಹೊತ್ತಿನ ಫೈಲ್‌ಗಳ ಒಂದು ಫೋಟೋ ಇದ್ದಂತೆ. ಇಂದು ಪಾಸ್‌ವರ್ಡ್ ಅಳಿಸಿ ಕಮಿಟ್ ಮಾಡಿದರೆ ಹೊಸ ಫೋಟೋದಲ್ಲಿ ಅದು ಇರುವುದಿಲ್ಲ, ನಿಜ. ಆದರೆ ನಿನ್ನೆಯ ಫೋಟೋ ಆಲ್ಬಂನಲ್ಲಿ ಹಾಗೆಯೇ ಇರುತ್ತದೆ. ಯಾರಾದರೂ ಹಿಂದಿನ ಕಮಿಟ್ ತೆರೆದು ಓದಬಹುದು.

ಶುರುವಿನಲ್ಲೇ ಏನು ಮಾಡಬೇಕು?

1. ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ ‘ಗಿಟ್ ಇನಿಟ್’ ಆದೇಶ ಕೊಡಿ.
2. ಮೊದಲ ಕಮಿಟ್‌ಗೂ ಮುಂಚೆ ‘ಡಾಟ್ ಗಿಟ್‌ಇಗ್ನೋರ್’ ಫೈಲ್ ಮಾಡಿ. ಪಾಸ್‌ವರ್ಡ್, ಎಪಿಐ ಕೀ ಇರುವ ಫೈಲ್‌ಗಳನ್ನು ಬೇರೆಯಾಗಿಟ್ಟು ಅವುಗಳ ಹೆಸರನ್ನು ಇದರಲ್ಲಿ ಬರೆಯಿರಿ. ಒಮ್ಮೆ ಕಮಿಟ್ ಆದ ಫೈಲ್‌ನ ಹೆಸರನ್ನು ಆಮೇಲೆ ಇಲ್ಲಿ ಬರೆದರೆ ಪ್ರಯೋಜನವಿಲ್ಲ.
3. ‘ಗಿಟ್ ಆ್ಯಡ್’ ಮಾಡಿ, ‘ಗಿಟ್ ಸ್ಟೇಟಸ್’ ಕೊಟ್ಟು ಯಾವ್ಯಾವ ಫೈಲ್ ಸೇರಿದೆ ನೋಡಿ. ಎಲ್ಲ ಸರಿಯಿದ್ದರೆ ಮಾತ್ರ ‘ಗಿಟ್ ಕಮಿಟ್’.

ಈಗಾಗಲೇ ಹೊರಗೆ ಹೋಗಿದ್ದರೆ?

ಮೊದಲು ಪಾಸ್‌ವರ್ಡ್ ಬದಲಿಸಿ, ಎಪಿಐ ಕೀ ಇದ್ದರೆ ರದ್ದು ಮಾಡಿ ಹೊಸದು ಪಡೆಯಿರಿ. ಇಂಥ ಕೀಗಳನ್ನೇ ಹುಡುಕುವ ಪ್ರೋಗ್ರಾಂಗಳು ಸದಾ ಓಡುತ್ತಿರುತ್ತವೆ. ಕ್ಲೌಡ್ ಸೇವೆಯ ಕೀ ಸಿಕ್ಕರೆ ಅವರು ಬಳಸಿದ್ದಕ್ಕೂ ಬಿಲ್ ನಿಮ್ಮ ಹೆಸರಿಗೆ ಬರಬಹುದು. ಹಳೆಯ ಕಮಿಟ್‌ಗಳಿಂದ ಅದನ್ನು ತೆಗೆಯುವ ಸಾಧನಗಳೂ ಇವೆ. ಆದರೆ ಬೇರೆಯವರು ಈಗಾಗಲೇ ಇಳಿಸಿಕೊಂಡ ಪ್ರತಿಗಳನ್ನು ಅವು ಮುಟ್ಟಲಾರವು.

ತೀರ್ಮಾನ

‘ಅಳಿಸಿದರೆ ಸಾಕು’ ಎಂಬುದು ತಪ್ಪು. ಒಮ್ಮೆ ಹೊರಗೆ ಹೋದ ಪಾಸ್‌ವರ್ಡ್ ಬೇರೆಯವರ ಕೈ ಸೇರಿದೆ ಎಂದೇ ತಿಳಿದು ಬದಲಿಸಿ. ಕೋಡಿಂಗ್ ಕಲಿಯುತ್ತಿರುವ ಗೆಳೆಯರಿಗೂ ಇದನ್ನು ತಲುಪಿಸಿ.