ಮಾನ್ಯಪುರದ ವಿಶ್ವಕರ್ಮಾಚಾರ್ಯ: ತಾಮ್ರಪಟದ ಕೊನೆಯಲ್ಲುಳಿದ ಕಲಾವಿದ

ಕರ್ಮಭೂಮಿಯ ಆರಂಭದಲ್ಲಿ ಆದಿತೀರ್ಥಂಕರ ವೃಷಭನಾಥರು ಪ್ರಜೆಗಳಿಗೆ ಬೋಧಿಸಿದ ಜೀವನೋಪಾಯಗಳು ಆರು: ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ ಮತ್ತು ಶಿಲ್ಪ. ಖಡ್ಗ ಹಿಡಿಯುವವನಿಗೂ ಉಳಿ ಹಿಡಿಯುವವನಿಗೂ ಅಲ್ಲಿ ಒಂದೇ ಪಂಕ್ತಿ. ಆದರೆ ಇತಿಹಾಸವು ಈ ಸಮಾನತೆಯನ್ನು ಎಲ್ಲೆಡೆಯೂ ಪಾಲಿಸಿಲ್ಲ. ಅಸಿಯನ್ನು ಹಿಡಿದವರ ಹೆಸರುಗಳು ಶಾಸನಗಳ ತುಂಬ ಉಳಿದಿವೆ. ಬಸದಿಗಳನ್ನು ಕಟ್ಟಿದ, ಬಿಂಬಗಳನ್ನು ಕಡೆದ ಕೈಗಳ ಹೆಸರುಗಳು ಬಹುಮಟ್ಟಿಗೆ ಅಳಿದುಹೋಗಿವೆ. ಹಾಗೆ ಅಳಿಯದೆ ಉಳಿದ ವಿರಳ ಹೆಸರುಗಳಲ್ಲಿ ಒಂದು, ಗಂಗರ ಕಾಲದ ವಿಶ್ವಕರ್ಮಾಚಾರ್ಯನದು.

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನೆಲಮಂಗಲ ತಾಲ್ಲೂಕಿನಲ್ಲಿ ಮಣ್ಣೆ ಎಂಬ ಊರಿದೆ. ಇಂದು ಅದೊಂದು ಸಾಮಾನ್ಯ ಗ್ರಾಮ. ಎಂಟನೆಯ ಶತಮಾನದಲ್ಲಿ ಅದೇ ಮಾನ್ಯಪುರ, ಗಂಗ ದೊರೆ ಶ್ರೀಪುರುಷನ ರಾಜನಿವಾಸ. ಅಲ್ಲಿನ ಕಪಿಲೇಶ್ವರ ದೇವಾಲಯದ ಕಲ್ಲಿನ ಕೆಲಸವು ಆ ಗತವೈಭವಕ್ಕೆ ಇಂದಿಗೂ ಸಾಕ್ಷಿಯಾಗಿದೆ. ಜಿನಧರ್ಮಕ್ಕೂ ಈ ಊರಿಗೂ ಇದ್ದ ಬಾಂಧವ್ಯವು ನಿಕಟವಾದುದು. ಗಂಗರ ದಂಡನಾಯಕ ಶ್ರೀವಿಜಯನು ಇಲ್ಲಿ ಜಿನಾಲಯವೊಂದನ್ನು ಕಟ್ಟಿಸಿದನೆಂದು ಕ್ರಿ.ಶ. 797ರ ಮಣ್ಣೆ ತಾಮ್ರಪಟವು ತಿಳಿಸುತ್ತದೆ. ಗಂಗರಾಜ್ಯವು ರಾಷ್ಟ್ರಕೂಟರ ವಶವಾಗಿದ್ದ ಕ್ರಿ.ಶ. 802ರಲ್ಲಿಯೂ ಅದೇ ಜಿನಾಲಯಕ್ಕೆ ದತ್ತಿ ಸಂದಿತು. ರಾಜ್ಯಗಳು ಬದಲಾದರೂ ಧರ್ಮಕಾರ್ಯವು ನಿಲ್ಲಲಿಲ್ಲ.

ಇದಕ್ಕೆ ಸುಮಾರು ಇಪ್ಪತ್ತು ವರ್ಷ ಮೊದಲು, ಶಕವರ್ಷ 698ರಲ್ಲಿ, ಎಂದರೆ ಕ್ರಿ.ಶ. 776ರ ಸುಮಾರಿಗೆ, ಶ್ರೀಪುರುಷನು ತನ್ನ ಆಳ್ವಿಕೆಯ 50ನೆಯ ವರ್ಷದಲ್ಲಿ ಮಾನ್ಯಪುರದಲ್ಲಿದ್ದಾಗ ಒಂದು ದಾನಶಾಸನವನ್ನು ಹೊರಡಿಸಿದನು. ನಿರ್ಗುಂದದ ಅರಸ ಪರಮಗೂಳನ ಮಡದಿ ಕುಂದಾಚ್ಚಿಯು ಶ್ರೀಪುರದ ಉತ್ತರಭಾಗದಲ್ಲಿ ‘ಲೋಕತಿಲಕ’ವೆಂಬ ಜಿನಭವನವನ್ನು ಮಾಡಿಸಿದ್ದಳು. ಪರಮಗೂಳನ ವಿಜ್ಞಾಪನೆಯ ಮೇರೆಗೆ ದೊರೆಯು ಆ ಬಸದಿಗೆ ಪೊನ್ನಳ್ಳಿ ಗ್ರಾಮವನ್ನು ಬಿಟ್ಟುಕೊಟ್ಟನು. ದತ್ತಿಯ ಉದ್ದೇಶಗಳನ್ನು ಹೇಳುವಾಗ ಶಾಸನವು ಮೊದಲು ಎತ್ತುವುದು ಒಡೆದು ಬಿರಿದುದರ ದುರಸ್ತಿಯನ್ನು. ದೇವಪೂಜೆ ಮತ್ತು ದಾನಧರ್ಮಗಳ ಮಾತು ಅನಂತರ ಬರುತ್ತದೆ. ಕಟ್ಟಡವು ನಿಂತಿದ್ದರಲ್ಲವೇ ಪೂಜೆ! ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ದೇವರಹಳ್ಳಿಯಲ್ಲಿ ದೊರೆತ ಈ ತಾಮ್ರಪಟಗಳನ್ನು ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ ಗ್ರಂಥಮಾಲೆಯ ಮೂಲಕ ಬೆಳಕಿಗೆ ತಂದರು.

ರಾಜವಂಶದ ಪ್ರಶಸ್ತಿ, ಗುರುಪರಂಪರೆ, ಗ್ರಾಮದ ಎಲ್ಲೆಗಳು, ದಾನವನ್ನು ಅಪಹರಿಸುವವರಿಗೆ ತಟ್ಟುವ ಪಾಪ, ಇವೆಲ್ಲ ಮುಗಿದ ಮೇಲೆ, ಶಾಸನದ ತುದಿಯಲ್ಲಿ ವಿಶ್ವಕರ್ಮಾಚಾರ್ಯನು ಕಾಣಿಸಿಕೊಳ್ಳುತ್ತಾನೆ. ಶಾಸನವನ್ನು ಬರೆದವನು ಅವನೇ. ಅವನು ಸಕಲ ಕಲೆಗಳಿಗೂ ಆಧಾರನಾದವನು, ಚಿತ್ರಕಲೆಯನ್ನು ಬಲ್ಲವನು ಎಂದು ಅಲ್ಲಿ ಹೇಳಿದೆ. ಅಷ್ಟೇ ಅಲ್ಲ, ಭತ್ತ ಬಿತ್ತುವ ಗದ್ದೆಯನ್ನೂ ನವಣೆ ಬಿತ್ತುವ ಹೊಲವನ್ನೂ ಅವನಿಗೆ ಕೊಟ್ಟ ಸಂಗತಿ ದಾಖಲಾಗಿದೆ. ಪವಿತ್ರವಾದ ದತ್ತಿಗಳನ್ನು ಕಾಯುವಂತೆ ಈ ಭೂಮಿಯನ್ನೂ ಕಾಯತಕ್ಕದ್ದೆಂಬ ವಿಧಿಯೂ ಅದರೊಡನೆ ಇದೆ.

ಆ ಕೆಲಸದ ಸ್ವರೂಪವನ್ನು ತಿಳಿದರೆ ಈ ಗೌರವದ ಕಾರಣವು ಸ್ಪಷ್ಟವಾಗುತ್ತದೆ. ಕಾಯಿಸಿ ಬಡಿದು ಹದಗೊಳಿಸಿದ ತಾಮ್ರದ ಹಲಗೆಗಳ ಮೇಲೆ ನೂರಾರು ಅಕ್ಷರಗಳನ್ನು ಸಾಲು ತಪ್ಪದಂತೆ ಮೂಡಿಸಬೇಕು. ಕೊನೆಗೆ ಹಲಗೆಗಳನ್ನೆಲ್ಲ ಬಳೆಯೊಂದಕ್ಕೆ ಪೋಣಿಸಿ, ಗಂಗರ ಲಾಂಛನವಾದ ಆನೆಯ ಮುದ್ರೆಯಿಂದ ಭದ್ರಪಡಿಸಬೇಕು. ಭಾಷೆ ಸಂಸ್ಕೃತ, ಎಲ್ಲೆಗಳ ವಿವರ ಬಂದಾಗ ಕನ್ನಡ, ಲಿಪಿ ಹಳಗನ್ನಡದ್ದು. ಒಂದು ಅಕ್ಷರ ತಪ್ಪಿದರೆ ಗದ್ದೆಯ ಎಲ್ಲೆಯೇ ತಪ್ಪೀತು, ಬಸದಿಯ ಆಸ್ತಿ ಅನ್ಯರ ಪಾಲಾದೀತು. ಆದುದರಿಂದ ಇಲ್ಲಿ ಕೈಚಳಕವೊಂದೇ ಸಾಲದು. ಪಾಂಡಿತ್ಯ ಬೇಕು, ಅದಕ್ಕಿಂತ ಮಿಗಿಲಾಗಿ ಪ್ರಾಮಾಣಿಕತೆ ಬೇಕು. ಮಸಿ ಮತ್ತು ಶಿಲ್ಪವೆಂಬ ಎರಡು ಕರ್ಮಗಳು ಈ ಒಬ್ಬ ಕಲಾವಿದನಲ್ಲಿ ಕೂಡಿದ್ದವು.

ವಿಶ್ವಕರ್ಮಾಚಾರ್ಯ ಎಂಬ ಹೆಸರು ಗಂಗರ ಬೇರೆ ತಾಮ್ರಪಟಗಳಲ್ಲಿಯೂ ಬರುತ್ತದೆ. ಆದಕಾರಣ ಇದನ್ನು ಒಬ್ಬ ವ್ಯಕ್ತಿಯ ಹೆಸರೆನ್ನುವುದಕ್ಕಿಂತ, ತಂದೆಯಿಂದ ಮಗನಿಗೆ, ಗುರುವಿನಿಂದ ಶಿಷ್ಯನಿಗೆ ಸಂದ ಬಿರುದೆಂದು ಭಾವಿಸಲು ಅವಕಾಶವುಂಟು. ಹಾಗಿದ್ದರೂ ಅವನ ಮಹತ್ತ್ವಕ್ಕೆ ಕುಂದಿಲ್ಲ. ಒಬ್ಬನ ಬಾಳಿನೊಡನೆ ಮುಗಿಯದೆ, ಪರಂಪರೆಯಾಗಿ ನಡೆದು ಬಂದ ಒಂದು ವೃತ್ತಿಯ ಘನತೆಯನ್ನು ಅದು ತೋರಿಸುತ್ತದೆ. ಅವನು ಹುಟ್ಟಿದ ಊರು, ಕಳೆದ ಬಾಲ್ಯ, ಕಂಡ ಕಷ್ಟಸುಖಗಳನ್ನು ತಾಮ್ರಪಟವು ಹೇಳುವುದಿಲ್ಲ. ಮಾಡಿದ ಕೆಲಸ ಮತ್ತು ಆ ಕೆಲಸಕ್ಕೆ ಸಂದ ಅನ್ನ, ಇವೆರಡನ್ನು ಮಾತ್ರ ಹೇಳುತ್ತದೆ.

ಇಷ್ಟಾದರೂ ಉಳಿದುದು ಎಷ್ಟು ದೊಡ್ಡ ಭಾಗ್ಯವೆಂಬುದು ಶ್ರವಣಬೆಳಗೊಳವನ್ನು ನೆನೆದಾಗ ಅರಿವಾಗುತ್ತದೆ. ವಿಂಧ್ಯಗಿರಿಯ ಗೊಮ್ಮಟೇಶ್ವರನ ಪಾದದ ಬಳಿಯ ಶಾಸನವು ಮೂರ್ತಿಯನ್ನು ಮಾಡಿಸಿದ ಚಾವುಂಡರಾಯನ ಹೆಸರನ್ನು ಹೇಳುತ್ತದೆ. ಕಡೆದವನ ಹೆಸರನ್ನು ಹೇಳುವುದಿಲ್ಲ. ಆ ಮಂದಸ್ಮಿತವನ್ನು ಕಲ್ಲಿನಲ್ಲಿ ತಂದ ಕೈ ಯಾರದು? ಸಾವಿರ ವರ್ಷಗಳ ಭಕ್ತಿಯೂ ಈ ಪ್ರಶ್ನೆಗೆ ಉತ್ತರವನ್ನು ಕೊಡಲಾರದು. ನಮಗೆ ಸಮೀಪದ ಕಾಲದಲ್ಲಿ ಹಾಗಾಗಲಿಲ್ಲ. ರತ್ನವರ್ಮ ಹೆಗ್ಗಡೆಯವರ ಸಂಕಲ್ಪದಂತೆ ಕಾರ್ಕಳದಲ್ಲಿ ರೂಪುಗೊಂಡು, 1973ರಲ್ಲಿ ಧರ್ಮಸ್ಥಳಕ್ಕೆ ಬಂದು, 1982ರಲ್ಲಿ ಪ್ರಥಮ ಮಹಾಮಸ್ತಕಾಭಿಷೇಕವನ್ನು ಕಂಡ 39 ಅಡಿಯ ಬಾಹುಬಲಿಯನ್ನು ನೆನೆಯುವವರು ಶಿಲ್ಪಿ ರೆಂಜಾಳ ಗೋಪಾಲಕೃಷ್ಣ ಶೆಣೈ ಅವರನ್ನೂ ನೆನೆಯುತ್ತಾರೆ. ಇದು ಮಾನ್ಯಪುರದ ಮರ್ಯಾದೆಯೇ ಮರಳಿ ಬಂದಂತೆ.

ಅಚೌರ್ಯವೆಂದರೆ ಪರರ ವಸ್ತುವನ್ನು ಕದಿಯದಿರುವುದೆಂದು ಸಾಮಾನ್ಯವಾಗಿ ತಿಳಿಯಲಾಗುತ್ತದೆ. ಕೊಡದುದನ್ನು ಕೊಳ್ಳುವುದೆಲ್ಲವೂ ಚೌರ್ಯವೆಂಬುದು ಅದರ ಸೂಕ್ಷ್ಮವಾದ ಅರ್ಥ. ಕುಶಲಕರ್ಮಿಯ ದುಡಿಮೆಯನ್ನು ‘ದೇವರ ಕೆಲಸ’ವೆಂಬ ನೆಪದಿಂದ ಅರ್ಧ ಕೂಲಿಗೆ ಪಡೆಯುವುದು, ಜೀರ್ಣೋದ್ಧಾರದ ಫಲಕದಲ್ಲಿ ದಾನಿಗಳೆಲ್ಲರ ಹೆಸರನ್ನು ಬರೆಯಿಸಿ ಶಿಲ್ಪಿಯ ಹೆಸರಿಗೆ ಒಂದು ಸಾಲನ್ನೂ ಬಿಡದಿರುವುದು, ಇವು ಆ ಸೂಕ್ಷ್ಮಾರ್ಥದ ಮುಂದೆ ನಿರ್ದೋಷವಾಗಿ ನಿಲ್ಲಲಾರವು. ಬಸದಿಗಳ ಆಡಳಿತವನ್ನು ಹೊತ್ತವರು ಹಣದ ಲೆಕ್ಕವನ್ನು ಇಡುವಷ್ಟೇ ಎಚ್ಚರದಿಂದ ಈ ಋಣದ ಲೆಕ್ಕವನ್ನೂ ಇಡಬೇಕಾಗಿದೆ.

ಲೋಕತಿಲಕ ಬಸದಿಗೆ ಭೂಮಿಯನ್ನು ಕೊಟ್ಟ ದೊರೆಯ ರಾಜ್ಯವು ಅಳಿದಿದೆ. ತಾಮ್ರದ ಹಲಗೆಯ ಕೊನೆಯಲ್ಲಿ ಬರೆದವನ ಹೆಸರೂ ಅವನ ಗದ್ದೆ ಹೊಲಗಳ ಮಾತೂ ಮಾತ್ರ ಸುಮಾರು 1250 ವರ್ಷಗಳಿಂದ ಮಾಸದೆ ನಿಂತಿವೆ. ಇಂದು ಕೆತ್ತಿಸುವ ಫಲಕಗಳಲ್ಲಿಯೂ ಅಂಥದೊಂದು ಸಾಲಿಗೆ ಸ್ಥಳವಿರಲಿ.