ಬೇಟೆಯ ಕಥೆ, ಚರಿತ್ರೆಯ ಆಕರ: ‘ಕಾಡಿನ ಕಥೆಗಳು’ ಮಾಲೆಯ ಪುನರವಲೋಕನ

ಹೊಸಕೋಟೆ ತಾಲ್ಲೂಕಿನ ಅನುಗೊಂಡನಹಳ್ಳಿ ಹೋಬಳಿಯು ಕೆರೆಗಳ, ರಾಗಿಹೊಲಗಳ ಬಯಲುಸೀಮೆ. ಇಂತಹ ಸೀಮೆಯಲ್ಲಿ ಬೆಳೆದ ನಮ್ಮ ತಲೆಮಾರಿನವರಿಗೆ ದಟ್ಟವಾದ ಅರಣ್ಯದ ಪರಿಚಯವಾದುದು ಬಹುಮಟ್ಟಿಗೆ ಗ್ರಂಥಗಳಿಂದಲೇ. ಅವುಗಳಲ್ಲಿ ಕೆನೆತ್ ಆಂಡರ್ಸನ್ (1910–1974) ಬರೆದ ಬೇಟೆಯ ಅನುಭವಗಳನ್ನು ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ‘ಕಾಡಿನ ಕಥೆಗಳು’ ಮಾಲೆಯ ನಾಲ್ಕು ಭಾಗಗಳು ಅಗ್ರಗಣ್ಯವಾದುವು. ಎಳೆಯ ವಯಸ್ಸಿನಲ್ಲಿ ಸಾಹಸಕ್ಕಾಗಿ ಓದಿದ ಈ ಕಥೆಗಳನ್ನು ಚರಿತ್ರೆಯ ಆಕರಗಳೆಂದು ಓದಲು ಸಾಧ್ಯವೇ ಎಂಬುದು ಪ್ರಸ್ತುತ ನಮ್ಮ ವಿಚಾರ.

ಬಾಲ್ಯದ ಓದಿನಲ್ಲಿ ನರಭಕ್ಷಕ ಹುಲಿಯು ಕೇವಲ ರಾಕ್ಷಸ. ಬಂದೂಕು ಹಿಡಿದವನು ವೀರ. ಆದರೆ 1954ರಲ್ಲಿ ಪ್ರಕಟವಾದ ಆಂಡರ್ಸನ್ನರ ಮೊದಲ ಸಂಕಲನದಲ್ಲಿರುವ ಜವಳಗಿರಿಯ ಕಥೆಯನ್ನೇ ನೋಡೋಣ. ಜವಳಗಿರಿಯು ನಮ್ಮ ಹೋಬಳಿಯ ದಕ್ಷಿಣಕ್ಕೆ, ಅಂದಿನ ಸೇಲಂ ಜಿಲ್ಲೆಗೆ ಸೇರಿದ್ದ ಗಡಿನಾಡಿನ ಅರಣ್ಯಗ್ರಾಮ. ಅಲ್ಲಿಯ ಹೆಣ್ಣುಹುಲಿಯು ಮನುಷ್ಯರ ಮೇಲೆ ಬೀಳುವುದಕ್ಕೆ ಮುನ್ನ ಅದರ ಸಂಗಾತಿ ಗುಂಡಿಗೆ ಬಲಿಯಾಗಿತ್ತು. ತಾನೂ ಗುಂಡಿನಿಂದ ಗಾಯಗೊಂಡಿತ್ತು. ನರಭಕ್ಷಕವು ಹುಟ್ಟುವುದು ಅನೇಕ ವೇಳೆ ಮನುಷ್ಯನ ಕೃತ್ಯದಿಂದಲೇ ಎಂಬ ಸಾಕ್ಷ್ಯವನ್ನು ಬೇಟೆಗಾರನೇ ನುಡಿದಿರುವುದು ಗಮನಾರ್ಹ.

ಎರಡನೆಯದಾಗಿ, ಇವು ಭೂದೃಶ್ಯದ ದಾಖಲೆಗಳು. ಮೂರನೆಯ ಭಾಗದ ಹೆಸರು ‘ಜಾಲಹಳ್ಳಿಯ ಕುರ್ಕ’. ಕುರ್ಕವೆಂದರೆ ಚಿರತೆ. ಅಂದು ಬೆಂಗಳೂರಿನ ಹೊರಗಿನ ಕುಗ್ರಾಮವಾಗಿದ್ದ ಜಾಲಹಳ್ಳಿಯಲ್ಲಿ 1953ರಲ್ಲಿ ಹಿಂದುಸ್ಥಾನ್ ಮೆಷಿನ್ ಟೂಲ್ಸ್, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪಿತವಾದುವು. ಕೈಗಾರಿಕೆಯ ಚರಿತ್ರೆಯನ್ನು ಬರೆಯುವವರು ಆ ನೆಲದ ಪೂರ್ವಸ್ಥಿತಿಯನ್ನು ತಿಳಿಯಲು ಈ ಕಥೆಯನ್ನು ಅವಶ್ಯವಾಗಿ ಓದಬೇಕು.

ಮೂರನೆಯದೇ ಮುಖ್ಯವಾದುದು. ಚಿನ್ನಾರ್ ನದಿಯ ಪ್ರದೇಶದ ಪೂಜಾರಿ ಜನಾಂಗದ ಬೈರನು ಅರಣ್ಯ ಕಾನೂನಿನ ದೃಷ್ಟಿಯಲ್ಲಿ ಕಳ್ಳಬೇಟೆಗಾರ. ಸರ್ಕಾರದ ಕಾಗದಪತ್ರಗಳಲ್ಲಿ ಅವನಿಗೆ ದೊರೆಯಬಹುದಾದ ಸ್ಥಾನವು ಆರೋಪಿಯದು ಮಾತ್ರ. ಆಂಡರ್ಸನ್ನರಾದರೋ ಅವನನ್ನು ಕಾಡಿನ ವಿದ್ಯೆ ಕಲಿಸಿದ ಗುರುವೆಂದು ಸ್ಮರಿಸುತ್ತಾರೆ. ನಗರದ ಬೇಟೆಗಾರರನ್ನು ವಂಚಿಸಿ ಜೀವಿಸುತ್ತಿದ್ದ ಮುನಿಶಾಮಿಯಿಂದ, ಬೇಟೆಯ ಸುತ್ತ ಬೆಳೆದಿದ್ದ ಒಂದು ಸಣ್ಣ ಜೀವನೋಪಾಯದ ಪರಿಚಯವಾಗುತ್ತದೆ. ಬೈರನಂತಹವರ ಮಾತು ಇಂಗ್ಲಿಷಿನಲ್ಲಿ ಸಾಹೇಬನ ಬಾಯಿಂದ ಬಂದುದು. ತೇಜಸ್ವಿಯವರ ಗದ್ಯದಲ್ಲಿ ಅದಕ್ಕೆ ನಮ್ಮ ನಾಡಿನ ನುಡಿ ಮರಳಿತು.

ಇಷ್ಟರಿಂದ ಈ ಕಥೆಗಳೆಲ್ಲ ನಿಜವೆಂದು ಸಾಧಿಸಿದಂತಾಗಲಿಲ್ಲ. ಹೇಳುವವನೇ ನಾಯಕನಾಗಿರುವಲ್ಲಿ ಸಂಭಾಷಣೆ, ಸನ್ನಿವೇಶಗಳಿಗೆ ಬಣ್ಣ ಬಿದ್ದಿರುವುದು ಸಹಜ. ಅನುವಾದಕನ ಅಭಿರುಚಿಯೂ ಅವುಗಳೊಡನೆ ಬೆರೆತಿದೆ. ಆದುದರಿಂದ ಹುಲಿಯ ಅಳತೆ, ಗುಂಡಿನ ಗುರಿ ಮೊದಲಾದುವುಗಳಿಗಿಂತ, ಲೇಖಕನು ಹೆಮ್ಮೆಪಡುವ ಉದ್ದೇಶವಿಲ್ಲದೆ ಹೇಳಿದ ಸಂಗತಿಗಳೇ ಚರಿತ್ರಕಾರನಿಗೆ ಹೆಚ್ಚು ವಿಶ್ವಾಸಾರ್ಹ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೊಡನೆ ಆ ಬೇಟೆಯ ಯುಗವು ಮುಗಿಯಿತು. ಬೇಟೆಗಾರನ ಹೆಸರು ಗ್ರಂಥಗಳ ಮುಖಪುಟದಲ್ಲಿ ಉಳಿದಿದೆ. ಅವನಿಗೆ ದಾರಿ ತೋರಿದವರಾದರೋ ಬರಹವನ್ನು ಬಿಟ್ಟುಹೋದವರಲ್ಲ. ಅವರನ್ನು ಹುಡುಕಲು ನಮಗೆ ಈ ಪುಟಗಳೇ ಗತಿ. ನಮ್ಮ ಸೀಮೆಯ ಅರಣ್ಯಚರಿತ್ರೆಯನ್ನು ಬರೆಯುವವರು ಅವರಿಂದಲೇ ಆರಂಭಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ.