ಮುತ್ತು ಕಟ್ಟಿದ್ದು ಇಲ್ಲಿ, ಬದುಕಿದ್ದು ಅಲ್ಲಿ: ಪರಿಹಾರ ಯಾರ ಹೊಣೆ?

ಕರಾವಳಿಯ ನಮಗೆ ಮೀರಜ್ ಎಂದರೆ ರೈಲ್ವೆ ಜಂಕ್ಷನ್, ಮೀರಾ ಸಾಹೇಬರ ದರ್ಗಾ, ಸಿತಾರ್ ಮಾಡುವವರ ಊರು. ಅದರ ಪಕ್ಕದಲ್ಲೇ ಸಾಂಗ್ಲಿ. ಈ ಊರುಗಳ ವೇಶ್ಯಾಕೇರಿಗಳಲ್ಲಿ ಕನ್ನಡ ಮನೆಮಾತಿನ ಹೆಂಗಸರಿದ್ದಾರೆ. ಉತ್ತರ ಕರ್ನಾಟಕದ ಬಡ ದಲಿತ ಕುಟುಂಬಗಳಿಂದ ಬಂದವರು. ಅವರಲ್ಲಿ ಅನೇಕರಿಗೆ ಲೋಕ ತಿಳಿಯುವ ಮೊದಲೇ ಸವದತ್ತಿ ಯಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಲಾಗಿತ್ತು.

ಈ ದಾರಿ ಹಳೆಯದು. ಪಟವರ್ಧನರ ಸಾಂಗ್ಲಿ ಸಂಸ್ಥಾನಕ್ಕೆ ತೇರದಾಳ, ಶಿರಹಟ್ಟಿ, ಶಹಾಪುರ ಸೇರಿದ್ದವು. ಲಕ್ಷ್ಮೇಶ್ವರ ಮೀರಜ್ ಸಂಸ್ಥಾನದಲ್ಲಿತ್ತು. 1956ರಲ್ಲಿ ರಾಜ್ಯಗಳ ಗಡಿ ಬಿತ್ತು, ಓಡಾಟ ನಿಲ್ಲಲಿಲ್ಲ. ಮುತ್ತು ಕಟ್ಟಿದ್ದು ಒಂದು ರಾಜ್ಯದಲ್ಲಿ, ಬದುಕು ಸವೆದದ್ದು ಇನ್ನೊಂದರಲ್ಲಿ.

ಕಾನೂನುಗಳಿಗೆ ಕೊರತೆಯಿರಲಿಲ್ಲ. ಕೊಲ್ಹಾಪುರದ ಶಾಹು ಮಹಾರಾಜರು 1920ರಲ್ಲೇ ಈ ಪದ್ಧತಿಯ ವಿರುದ್ಧ ಕಾಯ್ದೆ ತಂದರು. 1934ರಲ್ಲಿ ಮುಂಬಯಿ ಪ್ರಾಂತ, 1982ರಲ್ಲಿ ಕರ್ನಾಟಕ, 2005ರಲ್ಲಿ ಮಹಾರಾಷ್ಟ್ರ ನಿಷೇಧಿಸಿದವು. ಮುತ್ತು ಕಟ್ಟಿದವರಿಗೆ ಶಿಕ್ಷೆ ಎಂದವು. ಕಟ್ಟಿಸಿಕೊಂಡ ಮಗುವಿನ ಬಾಲ್ಯಕ್ಕೆ ಬೆಲೆ ತೆರಬೇಕಾದವರು ಯಾರು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಕರ್ನಾಟಕ 1993-94 ಮತ್ತು 2007-08ರಲ್ಲಿ ಸಮೀಕ್ಷೆ ಮಾಡಿ ಒಟ್ಟು 46,660 ದೇವದಾಸಿಯರನ್ನು ಗುರುತಿಸಿತು. ಮಾಸಾಶನ, ಮನೆ, ಸಾಲದ ಯೋಜನೆಗಳು ಈ ಪಟ್ಟಿಯನ್ನೇ ಹಿಡಿದು ನಡೆದವು. ಸಮೀಕ್ಷೆ ರಾಜ್ಯದೊಳಗಿನದು. ಆಗ ಸಾಂಗ್ಲಿಯಲ್ಲಿದ್ದವಳ ಹೆಸರನ್ನು ಅದರಲ್ಲಿ ಹುಡುಕುವುದು ಎಲ್ಲಿ? ಮೇಲಾಗಿ ಮಾಸಾಶನ ಸರಕಾರದ ದಯೆ. ಪರಿಹಾರ ತಪ್ಪಿನ ಒಪ್ಪಿಗೆ. ಎರಡೂ ಒಂದೇ ಅಲ್ಲ.

ಐರ್ಲೆಂಡ್ ಈ ಪ್ರಶ್ನೆಯನ್ನು ಎದುರಿಸಿದೆ. ಅಲ್ಲಿ ಕ್ಯಾಥೊಲಿಕ್ ಸಭೆಗಳು ನಡೆಸುತ್ತಿದ್ದ ಶಾಲೆ, ಆಶ್ರಮಗಳಲ್ಲಿ ಹಿಂಸೆ ಅನುಭವಿಸಿದವರಿಗಾಗಿ 2002ರಲ್ಲಿ ಪರಿಹಾರ ಕಾಯ್ದೆ ಬಂತು. ಆ ಸಭೆಗಳು 12.8 ಕೋಟಿ ಯೂರೊ ಕೊಡಲು ಒಪ್ಪಿ, ಮುಂದಿನ ದಾವೆಗಳಿಂದ ರಕ್ಷಣೆ ಪಡೆದವು. ಒಟ್ಟು ಖರ್ಚು ಸುಮಾರು 150 ಕೋಟಿ ಯೂರೊ ಮುಟ್ಟಿತು. ಹೆಚ್ಚಿನ ಭಾರ ಜನರ ತೆರಿಗೆಯ ಮೇಲೆ ಬಿತ್ತು. ಹೊಣೆಯ ಹಂಚಿಕೆ ಸರಿಯಾಗಲಿಲ್ಲ ಎಂದು ಅಲ್ಲಿ ದೊಡ್ಡ ಚರ್ಚೆಯಾಯಿತು. ಆದರೂ ಹೊಣೆ ಇಬ್ಬರದೂ ಎಂಬುದು ದಾಖಲೆಗೆ ಬಂತು.

ನಮ್ಮಲ್ಲಿ ಆ ಜಗಳಕ್ಕೂ ಕಾರಣವಿಲ್ಲ. ಸವದತ್ತಿ ದೇವಸ್ಥಾನದ ಆಡಳಿತ ಸರಕಾರದ ಕೈಯಲ್ಲೇ ಇದೆ. ಜಾತ್ರೆಯ ಕಾಣಿಕೆ ಎಣಿಸುವುದೂ ಕಾಯ್ದೆ ಜಾರಿ ಮಾಡಬೇಕಾದದ್ದೂ ಒಂದೇ ಸರಕಾರ. ನಿಷೇಧದ ನಂತರ ಮುತ್ತು ಕಟ್ಟುವುದು ಮನೆಯೊಳಗೆ, ಸಣ್ಣ ಗುಡಿಗಳಲ್ಲಿ ಗುಟ್ಟಾಗಿ ನಡೆಯಿತು, ದೇವಸ್ಥಾನಕ್ಕೇನು ಸಂಬಂಧ ಎನ್ನುವವರಿದ್ದಾರೆ. ಆದರೆ ಕಟ್ಟಿದ್ದು ಆ ದೇವಿಯ ಹೆಸರಲ್ಲೇ. 2025ರಲ್ಲಿ ಕರ್ನಾಟಕ ಹೊಸ ದೇವದಾಸಿ ಕಾನೂನು ತಂದಿದೆ. ಗಡಿಯಾಚೆಯವರನ್ನೂ ಲೆಕ್ಕಕ್ಕೆ ತಂದರೆ ಮಾತ್ರ ಅದು ಪೂರ್ತಿಯಾದೀತು.

ಸಾಂಗ್ಲಿಯ ಲೈಂಗಿಕ ಕಾರ್ಯಕರ್ತೆಯರು 1996ರಲ್ಲಿ 'ವೇಶ್ಯಾ ಅನ್ಯಾಯ ಮುಕ್ತಿ ಪರಿಷದ್' ಕಟ್ಟಿಕೊಂಡರು. ತಮ್ಮನ್ನು ಬರೀ ಅಬಲೆಯರೆಂದು ಕರೆಯುವುದನ್ನು ಅವರು ಒಪ್ಪುವುದಿಲ್ಲ. ಅದು ಸರಿ. ಇಂದು ಅವಳು ಹೇಗೆ ಬದುಕುತ್ತಾಳೆ ಎಂಬುದು ಅಂದು ಮಗುವಿಗಾದ ಅನ್ಯಾಯವನ್ನು ಅಳಿಸದು. 'ದಂಧೆ ಬಿಟ್ಟರೆ ಮಾತ್ರ' ಎಂಬ ಷರತ್ತು ಪರಿಹಾರಕ್ಕೆ ಸಲ್ಲದು.

ಇದು ಅನ್ಯರ ದೇವಸ್ಥಾನದ ಕಥೆ ಎಂದು ನಾವು ಪಕ್ಕಕ್ಕಿಡುವಂತಿಲ್ಲ. ನಮ್ಮಲ್ಲೂ ಮದ್ರಸ, ಯತೀಂಖಾನೆ, ಹಾಸ್ಟೆಲುಗಳಿವೆ. 2012ರ ಪೋಕ್ಸೊ ಕಾಯ್ದೆಯಂತೆ ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯ ತಿಳಿದೂ ಪೊಲೀಸರಿಗೆ ತಿಳಿಸದಿರುವುದು ಅಪರಾಧ. ಕೋರ್ಟು ಹೇಳಿದ ಪರಿಹಾರವನ್ನು ಸರಕಾರ ಕೊಡುತ್ತದೆ. ಅಷ್ಟಕ್ಕೆ ಜಮಾಅತಿನ ಹೊಣೆ ತೀರಿತೇ? ಮನುಷ್ಯರ ಹಕ್ಕು, ಹಕ್ಕುಲ್ ಇಬಾದ್, ಬರೀ ತೌಬಾದಿಂದ ತೀರುವುದಿಲ್ಲ, ಹಕ್ಕುದಾರನಿಗೆ ಸಲ್ಲಿಸಬೇಕು ಎಂದು ನಮ್ಮ ಉಸ್ತಾದರೇ ಕಲಿಸಿದ್ದಾರೆ. ಸಂಸ್ಥೆಯ ಮಾನ ಕಾಯಲು ಮಗುವಿನ ಬಾಯಿ ಮುಚ್ಚಿಸಿದ ಕಮಿಟಿಯೂ ಆ ಮಗುವಿಗೆ ಸಾಲಗಾರನೇ.